ಸರ್ಟಿಫಿಕೇಟಿನ ಮೂಲೆಯ ತ್ರಿಕೋನ

ಟೆಂಟಿನಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ನೆನಪಿರಬಹುದು. ಚಿತ್ರ ಶುರುವಾಗೋ ಮುಂಚೆ ಪರದೆ ಮೇಲೆ ಸೆನ್ಸಾರ್ ಸರ್ಟಿಫಿಕೇಟು ಬರುತ್ತಿತ್ತು. ಅದರಲ್ಲಿ ನಮಗೆ ಬೇಕಾಗಿದ್ದು ಒಂದೇ, ಎಷ್ಟು ರೀಲು ಅನ್ನೋದು. ಹಿಂದಿನಿಂದ ಯಾರೋ "ಹದಿನಾರು!" ಅಂತ ಕೂಗಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂತ ಸಮಾಧಾನ. ಅದೇ ಕಾಗದದ ಕೆಳಮೂಲೆಯಲ್ಲಿ ಒಮ್ಮೊಮ್ಮೆ ಒಂದು ತ್ರಿಕೋನ ಇರುತ್ತಿತ್ತು. ಬೋರ್ಡು ಈ ಚಿತ್ರಕ್ಕೆ ಕತ್ತರಿ ಹಾಕಿದೆ ಅನ್ನೋದರ ಗುರುತು ಅದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆ ಕಾಗದ ಕೈಗೆ ಬರೋವರೆಗೆ ಹಂಚಿಕೆದಾರನ ಹತ್ತಿರ ಇರೋದು ಬರೀ ರೀಲಿನ ಡಬ್ಬ. ಚಿತ್ರಮಂದಿರಕ್ಕೆ ಕೊಡುವ ಹಾಗಿಲ್ಲ. ಸಾಲದ ಬಡ್ಡಿ ಮಾತ್ರ ಯಾರ ಅನುಮತಿಗೂ ಕಾಯೋದಿಲ್ಲ.

ಈ ಪದ್ಧತಿ ಶುರು ಮಾಡಿದ್ದು ಬ್ರಿಟಿಷರು. 1918ರಲ್ಲಿ ಕಾಯ್ದೆ ಬಂತು, 1920ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಬೋರ್ಡುಗಳಾದವು. ಮುಂಬಯಿಯ ಬೋರ್ಡಿಗೆ ಪೊಲೀಸ್ ಕಮಿಷನರೇ ಅಧ್ಯಕ್ಷ! ಮರುವರ್ಷವೇ 'ಭಕ್ತ ವಿದುರ' ಬಂತು. ಕತೆ ಮಹಾಭಾರತದ್ದು, ಆದರೆ ವಿದುರನಿಗೆ ಖಾದಿ, ತಲೆಗೆ ಗಾಂಧಿ ಟೋಪಿ. ಕರಾಚಿಯಲ್ಲೂ ಮದರಾಸಿನಲ್ಲೂ ನಿಷೇಧವಾಯಿತು. ಪುರಾಣದ ಮರೆಯಲ್ಲಿ ಏನು ನಡೀತಿದೆ ಅಂತ ಪೊಲೀಸರಿಗೂ ಅರ್ಥವಾಗಿತ್ತು ಬಿಡಿ.

ಸ್ವಾತಂತ್ರ್ಯ ಬಂದರೂ ಅರ್ಜಿ ಹಾಕೋದು ತಪ್ಪಲಿಲ್ಲ. 1951ರಲ್ಲಿ ಇಡೀ ದೇಶಕ್ಕೆ ಒಂದೇ ಬೋರ್ಡು, 1952ರಲ್ಲಿ ಹೊಸ ಕಾಯ್ದೆ. ಬೋರ್ಡು ಒಲ್ಲೆ ಅಂದರೆ ಮೇಲ್ಮನವಿ ಹಾಕಬೇಕಾಗಿದ್ದು ಕೇಂದ್ರ ಸರಕಾರಕ್ಕೇ. ನನಗೆ ಕುತೂಹಲ ಹುಟ್ಟಿಸಿದ್ದು ಇದೇ ಅಂಶ. ಯಾಕಂದರೆ ಸುಮಾರು ಒಂದೇ ಸಮಯದಲ್ಲಿ ಎರಡು ಚಿತ್ರಗಳು ಸರಕಾರದ ಬಾಗಿಲು ತಟ್ಟಿದವು. ಅವುಗಳಲ್ಲಿ ಒಂದು ನಮ್ಮದು.

ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಪ್ರಕಟವಾಗಿದ್ದು 1965ರಲ್ಲಿ. ಆಗ ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಲಿಲ್ಲ. ಬೈದವರು ಬೈದರು, ಓದುವವರು ಓದಿದರು. ಅದೇ ಕತೆಯನ್ನು ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದಾಗ ಮದರಾಸಿನ ಸೆನ್ಸಾರ್ ಮಂಡಳಿ ಸರ್ಟಿಫಿಕೇಟು ಕೊಡಲಿಲ್ಲ. ಜಾತಿಯ ವಿಷಯ, ಜನ ಕೆರಳುತ್ತಾರೆ ಅನ್ನೋ ಭಯ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ, ಎಲ್ಲರೂ ಡಬ್ಬದೊಳಗೇ ಉಳಿದರು. ಕೊನೆಗೆ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಪ್ಪಿದ ಮೇಲೆ ಚಿತ್ರ ಹೊರಬಂತು. 1970ರ ಸಾಲಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯನ್ನೂ ತಗೊಂಡಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ತೋರಿಸಬೇಡಿ ಅಂದಿದ್ದೂ ಸರಕಾರದ ಮಂಡಳಿಯೇ, ಪದಕ ಕೊಟ್ಟಿದ್ದೂ ಸರಕಾರವೇ!

ಇನ್ನೊಂದು ಅರ್ಜಿ ಕೆ.ಎ. ಅಬ್ಬಾಸ್ ಅವರದ್ದು. ಬರೀ 16 ನಿಮಿಷದ ಸಾಕ್ಷ್ಯಚಿತ್ರ, ಹೆಸರು 'ಚಾರ್ ಶಹರ್ ಏಕ್ ಕಹಾನಿ'. ನಾಲ್ಕು ಮಹಾನಗರಗಳ ಐಷಾರಾಮ, ಪಕ್ಕದಲ್ಲೇ ಅವುಗಳ ಕೊಳೆಗೇರಿ. ಮುಂಬಯಿಯ ವೇಶ್ಯಾವಾಟಿಕೆಯ ಕೆಲವು ದೃಶ್ಯಗಳೂ ಇದ್ದವು. ಅವರು ಕೇಳಿದ್ದು ಯು, ಬೋರ್ಡು ಕೊಡ್ತೀವಿ ಅಂದಿದ್ದು ಎ. ಮೇಲ್ಮನವಿ ಹಾಕಿದರು. ಆ ದೃಶ್ಯಗಳನ್ನು ಕತ್ತರಿಸಿದರೆ ಯು ಕೊಡಬಹುದು ಅಂತ ಸರಕಾರ ಹೇಳಿತು. ಅಬ್ಬಾಸರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಸರಕಾರ ಥಟ್ಟನೆ ಮೆತ್ತಗಾಯಿತು, ಕತ್ತರಿಯಿಲ್ಲದೆಯೇ ಯು ಕೊಡೋದಕ್ಕೆ ಒಪ್ಪಿತು.

ನಾನಾಗಿದ್ದರೆ ಕಾಗದ ಹಿಡ್ಕೊಂಡು ಮನೆಗೆ ಬರ್ತಿದ್ದೆ. ಅಬ್ಬಾಸರು ಬರಲಿಲ್ಲ. ಅರ್ಜಿಯನ್ನೇ ತಿದ್ದಿಸಿ, ಮುಂಚಿತವಾಗಿ ಸೆನ್ಸಾರ್ ಮಾಡೋದೇ ತಪ್ಪು ಅಂತ ವಾದಿಸಿದರು. ಅದು ಇರಲೇಬೇಕು ಅಂದರೆ ನಿಯಮ ಸ್ಪಷ್ಟವಾಗಿರಲಿ, ಉತ್ತರ ಕೊಡೋದಕ್ಕೆ ಗಡುವಿರಲಿ, ಮೇಲ್ಮನವಿ ಸರಕಾರಕ್ಕಲ್ಲ, ನ್ಯಾಯಾಲಯಕ್ಕೋ ಸ್ವತಂತ್ರ ಮಂಡಳಿಗೋ ಹೋಗಲಿ ಅಂತಲೂ ಕೇಳಿದರು. 1970ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಕೊಟ್ಟರು. ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಕಲಕುತ್ತದೆ, ಹಾಗಾಗಿ ಸೆನ್ಸಾರ್ ಇರಬಹುದು ಅಂತ ಆಯಿತು. ದೊಡ್ಡ ಪ್ರಶ್ನೆಯಲ್ಲಿ ಅಬ್ಬಾಸರು ಸೋತರು. (ಪುಸ್ತಕಕ್ಕೆ ಬೇಡದ ಅಪ್ಪಣೆ ಸಿನಿಮಾಕ್ಕೆ ಯಾಕೆ ಬೇಕು ಅನ್ನೋದಕ್ಕೆ ಆ ಉತ್ತರ ನನಗಂತೂ ಇವತ್ತಿಗೂ ಸಾಲದು.) ಗಡುವು ಮತ್ತು ಮೇಲ್ಮನವಿಯ ವಿಷಯದಲ್ಲಿ ಮಾತ್ರ ಕಾನೂನು ತರುತ್ತೇವೆ ಅಂತ ಸರಕಾರದ ವಕೀಲರೇ ಒಪ್ಪಿಕೊಂಡಿದ್ದರು.

ಮೇಲ್ಮನವಿ ನ್ಯಾಯಮಂಡಳಿ ಬಂತು, ಆದರೆ 1983ರಲ್ಲಿ. ಹದಿಮೂರು ವರ್ಷ ಬೇಕಾಯಿತು! ಆಮೇಲೂ ಬೋರ್ಡಿನ ಮತ್ತು ನ್ಯಾಯಮಂಡಳಿಯ ತೀರ್ಮಾನವನ್ನು ಮತ್ತೆ ಕೆದಕುವ ಅಧಿಕಾರ ಕೇಂದ್ರದ ಬಳಿಯೇ ಇತ್ತು. ಅದನ್ನು ಕೆ.ಎಂ. ಶಂಕರಪ್ಪನವರು ನಮ್ಮ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1990ರಲ್ಲಿ ಅವರ ಪರವಾಗಿ ತೀರ್ಪು ಬಂತು, 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 'ಸಂಸ್ಕಾರ'ವನ್ನು ಉಳಿಸಿದ್ದು ದೆಹಲಿಯೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ನಿಜ. ಆದರೆ ಬಿಡುಗಡೆ ಮಾಡಿಸೋ ಕೈಯೇ ತಡೆಯಲೂಬಹುದು. ಮಂತ್ರಿಯ ಮರ್ಜಿಯನ್ನು ನಂಬಿ ಎಷ್ಟು ಜನ ಸಾಲ ಮಾಡಿ ಸಿನಿಮಾ ತೆಗೆದಾರು?

2021ರ ಏಪ್ರಿಲ್‌ನಲ್ಲಿ ಆ ನ್ಯಾಯಮಂಡಳಿಯೇ ರದ್ದಾಯಿತು. 2023ರ ತಿದ್ದುಪಡಿಯಲ್ಲಿ ಕಾಯ್ದೆಯಲ್ಲಿದ್ದ ಹತ್ತು ವರ್ಷದ ಅವಧಿ ತೆಗೆದು, ಸರ್ಟಿಫಿಕೇಟು ಶಾಶ್ವತ ಅಂದರು. ಒಳ್ಳೆಯದೇ. ಈಗ ಅರ್ಜಿಯೂ ಆನ್‌ಲೈನ್. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮಾತ್ರ ನೇರ ಹೈಕೋರ್ಟಿಗೆ ಹೋಗಬೇಕು. ಬಿಡುಗಡೆ ದಿನ ಗೊತ್ತಾಗಿ, ಥಿಯೇಟರು ಬುಕ್ ಆಗಿ, ಪೋಸ್ಟರು ಅಂಟಿಸಿದ ಮೇಲೆ ಸಣ್ಣ ನಿರ್ಮಾಪಕನಿಗೆ ಎರಡು ಲೆಕ್ಕ ಎದುರಿಗೆ ಬರುತ್ತೆ: ವಕೀಲರ ಫೀಸು ಎಷ್ಟು, ಬೋರ್ಡು ಕೇಳಿದ ಆ ಎರಡು ನಿಮಿಷ ಕತ್ತರಿಸಿದರೆ ನಷ್ಟ ಎಷ್ಟು. ಕೋರ್ಟಿಗೆ ಹೋದ ಚಿತ್ರಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತೆ. ಕತ್ತರಿಸಿ ಸುಮ್ಮನಾದವರದ್ದು ಎಲ್ಲೂ ಬರೋದಿಲ್ಲ.