ನಾರು ನಡೆದ ಬಯಲು

ಪ್ರೆಡೇಟರ್ ಸರಣಿಯ ಸಿನಿಮಾಗಳೆಂದರೆ ನನಗೆ ಅಷ್ಟಕ್ಕಷ್ಟೆ. 1987ರಲ್ಲಿ ಬಂದ ಮೊದಲನೆಯದನ್ನು ಎಷ್ಟೋ ವರ್ಷಗಳ ಮೇಲೆ ಟೀವಿಯಲ್ಲಿ ನೋಡಿದ್ದೆ. ಶ್ವಾರ್ಜ್‌ನೆಗ್ಗರನ ತೋಳುಗಳು ಮತ್ತು ಅವನು ಮೈಗೆ ಬಳಿದುಕೊಂಡ ಕೆಸರು ಬಿಟ್ಟರೆ ಹೆಚ್ಚೇನೂ ನೆನಪಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಅದೇ ಸರಣಿಯ "ಪ್ರೇ" ಹುಲುವಿನಲ್ಲಿ ಬಂದಾಗ ನೋಡೋಣ ಎಂದು ಹಟ ಹಿಡಿದವಳು ಹೈಸ್ಕೂಲಿಗೆ ಹೋಗುವ ಮಗಳು. ಕಥೆ ನಡೆಯುವುದು 1719ರಲ್ಲಿ, ಉತ್ತರದ ಮಹಾ ಬಯಲುಗಳಲ್ಲಿ. ನಾಯಕಿ ಕಮಾಂಚಿ ಬುಡಕಟ್ಟಿನ ಹುಡುಗಿ. ಹೆಸರು ನಾರು.

ಹೆಸರು ಕೇಳಿದ ಕೂಡಲೇ ಮಗಳು ನಕ್ಕಳು. ಅವಳಿಗೆ ಗೊತ್ತಿದ್ದ ಕನ್ನಡದಲ್ಲಿ ನಾರುವುದು ಎಂದರೆ ಕೆಟ್ಟ ವಾಸನೆ ಬರುವುದು, ಅಷ್ಟೆ. ಹೂ ಕಟ್ಟುವ ಬಾಳೆನಾರು, ಹೂವಿನ ಜೊತೆ ಸ್ವರ್ಗಕ್ಕೆ ಹೋದ ನಾರು, ಇವೆಲ್ಲ ಡಲ್ಲಾಸಿನ ಉಪನಗರದಲ್ಲಿ ಬೆಳೆದ ಹುಡುಗಿಗೆ ಎಲ್ಲಿಂದ ಸಿಗಬೇಕು? ಆದರೆ ಸಿನಿಮಾ ಅರ್ಧ ಮುಗಿಯುವ ಹೊತ್ತಿಗೆ ನಾರು ತನ್ನ ಕೈಗೊಡಲಿಗೆ ಹೊಸೆದ ಹಗ್ಗ ಕಟ್ಟುತ್ತಾಳೆ. ಎಸೆದ ಕೊಡಲಿಯನ್ನು ಎಳೆದು ಮತ್ತೆ ಕೈಗೆ ತಂದುಕೊಳ್ಳುವ ಉಪಾಯ ಅದು. "ಇದೇ ನೋಡು ನಾರು," ಎಂದೆ. ಕಾಕತಾಳೀಯವೇ ಇರಲಿ, ಅಂಥ ಅವಕಾಶವನ್ನು ಯಾವ ತಾಯಿ ಬಿಟ್ಟಾಳು?

ಕಥೆ ಸರಳ. ಮದ್ದಿನ ಬೇರು, ಸೊಪ್ಪು ಬಲ್ಲ ತಾಯಿಗೆ ಮಗಳೂ ಅದನ್ನೇ ಕಲಿಯಲಿ ಎಂಬ ಆಸೆ. ಮಗಳಿಗೆ ಬೇಟೆಗಾರ್ತಿಯಾಗುವ ಆಸೆ. ಅಣ್ಣ ತಾಬೆ ಒಳ್ಳೆಯ ಬೇಟೆಗಾರ. ಆಕಾಶದಿಂದ ಇಳಿದ ಪ್ರಾಣಿಯೊಂದು ಮೊದಲು ಹಾವನ್ನು, ಆಮೇಲೆ ತೋಳವನ್ನು, ಕರಡಿಯನ್ನು ಕೊಂದು, ತನಗೆ ಸರಿಸಮನಾದ ಎದುರಾಳಿಯನ್ನು ಹುಡುಕುತ್ತ ಹೋಗುತ್ತದೆ. ಅದಕ್ಕೆ ಕಾಣುವುದು ಮೈಯ ಶಾಖ. ಮೈ ತಣ್ಣಗಾಗಿಸುವ ಹೂವೊಂದು ನಾರುವಿಗೆ ಗೊತ್ತು. ಕೊನೆಗೆ ಅವಳನ್ನು ಉಳಿಸುವುದು ಅವಳು ಬೇಡವೆಂದ ಆ ತಾಯಿಯ ವಿದ್ಯೆಯೇ. ಹೂವು ಸಿನಿಮಾದವರ ಕಲ್ಪನೆ, ವಿದ್ಯೆ ಕಲ್ಪನೆಯಲ್ಲ. ಕಮಾಂಚಿಗಳಲ್ಲಿ ವೈದ್ಯ ಬಲ್ಲ ಹೆಂಗಸರಿದ್ದರು. ಇಪ್ಪತ್ತನೆಯ ಶತಮಾನದ ಸನಾಪಿಯಾ ಎಂಬ ವೈದ್ಯೆಯ ಬಗ್ಗೆ ಡೇವಿಡ್ ಜೋನ್ಸ್ ಎಂಬ ಮಾನವಶಾಸ್ತ್ರಜ್ಞ 1972ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಇಷ್ಟಕ್ಕೇ ಬಿಟ್ಟಿದ್ದರೆ ಇದು ಸಿನಿಮಾ ಮಾತಾಗಿಯೇ ಉಳಿಯುತ್ತಿತ್ತು. ನನ್ನನ್ನು ಹಿಡಿದದ್ದು 1719 ಎಂಬ ಇಸವಿ. ನಾವಿರುವ ಜಾಗ ಒಂದು ಕಾಲಕ್ಕೆ ಕಮಾಂಚಿಗಳ ಸೀಮೆಯ ಅಂಚು. ಪಕ್ಕದ ಫೋರ್ಟ್ ವರ್ತ್ ಹೆಸರಿನಲ್ಲೇ ಕೋಟೆ ಇದೆ. 1849ರಲ್ಲಿ ಗಡಿಯ ವಲಸಿಗರನ್ನು ಕಾಯಲು ಸೈನ್ಯ ಕಟ್ಟಿದ ಠಾಣೆ ಅದು. ಯಾರಿಂದ ಕಾಯಲು ಎಂಬ ಪ್ರಶ್ನೆಯನ್ನು ಹದಿನೈದು ವರ್ಷ ಅದೇ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿಬಂದರೂ ನಾನು ಕೇಳಿಕೊಂಡಿರಲಿಲ್ಲ.

1719ರಲ್ಲಿ ನಿಜವಾಗಿ ಏನು ನಡೆಯುತ್ತಿತ್ತು? ನ್ಯೂ ಮೆಕ್ಸಿಕೋದ ಸ್ಪ್ಯಾನಿಷ್ ಗವರ್ನರ್ ವಾಲ್ವೆರ್ದೆ ಆ ವರ್ಷ ಸೈನ್ಯ ಕಟ್ಟಿಕೊಂಡು ಯೂಟ್ ಮತ್ತು ಕಮಾಂಚಿಗಳನ್ನು ದಂಡಿಸಲು ಹೊರಟ. ಕಮಾಂಚಿಗಳು ಅವನ ಕೈಗೆ ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದು ಫ್ರೆಂಚರು ಬಯಲಿನ ಬುಡಕಟ್ಟುಗಳಿಗೆ ಬಂದೂಕು ಕೊಡುತ್ತಿದ್ದಾರೆ ಎಂಬ ಸುದ್ದಿ. ಅದೇ ವರ್ಷ ಇಂದಿನ ಓಕ್ಲಹೋಮಾದ ಕಡೆ ಲಾ ಆರ್ಪ್, ದು ಟಿಸ್ನೆ ಎಂಬ ಇಬ್ಬರು ಫ್ರೆಂಚರು ವಿಚಿಟಾ ಜನರ ಊರುಗಳನ್ನು ತಲುಪಿದ್ದರು. ಮರುವರ್ಷ ಫ್ರೆಂಚರ ಜಾಡು ಹಿಡಿದು ನೆಬ್ರಾಸ್ಕಾದವರೆಗೆ ಹೋದ ವಿಯಾಸುರ್‌ನ ಸ್ಪ್ಯಾನಿಷ್ ತುಕಡಿಯನ್ನು ಪಾನೀ ಮತ್ತು ಓಟೋ ಜನ ಬಹುಪಾಲು ಕೊಂದುಹಾಕಿದರು. ಅಂದರೆ ಸಿನಿಮಾದಲ್ಲಿ ನಾರುವನ್ನು ಹಿಡಿದು ಮರಕ್ಕೆ ಕಟ್ಟುವ ಒರಟು ಫ್ರೆಂಚ್ ಬೇಟೆಗಾರರು ಎಲ್ಲಿಂದಲೋ ಉದುರಿದವರಲ್ಲ. ಅವರ ಮಾತಿಗೆ ಸಬ್‌ಟೈಟಲ್ ಕೊಟ್ಟಿಲ್ಲ. ಅವರು ಏನೆನ್ನುತ್ತಿದ್ದಾರೆ ಎಂದು ನಾರುವಿಗೆ ತಿಳಿಯದ ಹಾಗೆ ನಮಗೂ ತಿಳಿಯುವುದಿಲ್ಲ. ಸಿನಿಮಾದ ಅತ್ಯಂತ ಒಳ್ಳೆಯ ನಿರ್ಧಾರಗಳಲ್ಲಿ ಇದೂ ಒಂದು ಎನ್ನುತ್ತೇನೆ.

ತಪ್ಪುಗಳೂ ಇವೆ. ಕಮಾಂಚಿಗಳು ತಮ್ಮನ್ನು ಕರೆದುಕೊಳ್ಳುವುದು ನುಮುನು ಎಂದು, "ಜನ" ಎಂಬ ಅರ್ಥದಲ್ಲಿ. ಕಮಾಂಚಿ ಎಂಬುದು ಯೂಟ್ ಜನ ಇಟ್ಟ ಹೆಸರು, ಹೊರಗಿನವರು, ವೈರಿಗಳು ಎಂಬಂಥ ಅರ್ಥದ್ದು. ಅವರು ಶೋಶೋನಿಗಳಿಂದ ಕವಲೊಡೆದು ದಕ್ಷಿಣಕ್ಕೆ ಇಳಿದವರು. 1706ರ ಹೊತ್ತಿಗೇ ನ್ಯೂ ಮೆಕ್ಸಿಕೋದ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. 1719ರಲ್ಲಿ ಅವರನ್ನು ಉತ್ತರದ ಬಯಲಿನಲ್ಲಿಟ್ಟದ್ದು ಅಷ್ಟು ಸರಿಯಲ್ಲ. (ಚಿತ್ರೀಕರಣವಂತೂ ಇನ್ನೂ ಉತ್ತರಕ್ಕೆ, ಕೆನಡಾದ ಆಲ್ಬರ್ಟಾದಲ್ಲಿ, ಸ್ಟೋನಿ ನಕೋಡಾ ಜನರ ನೆಲದಲ್ಲಿ.) ಅದಕ್ಕಿಂತ ದೊಡ್ಡದು ಕುದುರೆಯ ಪ್ರಶ್ನೆ. ನಾರುವಿನ ಜನ ಹೆಚ್ಚುಕಡಿಮೆ ಇಡೀ ಸಿನಿಮಾ ಕಾಲ್ನಡಿಗೆಯಲ್ಲಿರುತ್ತಾರೆ. ಕುದುರೆಯಿಲ್ಲದ ಕಮಾಂಚಿ ಎಂದರೆ ದೋಣಿಯಿಲ್ಲದ ಮೊಗವೀರನ ಹಾಗೆ. 1680ರಲ್ಲಿ ಪ್ವೆಬ್ಲೊ ಜನ ದಂಗೆಯೆದ್ದು ಸ್ಪ್ಯಾನಿಷರನ್ನು ಓಡಿಸಿದಾಗ ಅವರ ಕುದುರೆಗಳು ಬಯಲಿಗೆ ಹರಡಿದವು ಎಂಬುದು ಹಳೆಯ ಪಾಠ. ಹಳೆಯ ಕುದುರೆ ಎಲುಬುಗಳನ್ನು ಪರೀಕ್ಷಿಸಿ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಅದಕ್ಕೂ ಹಲವು ದಶಕ ಮೊದಲೇ ಬಯಲಿನ ಬುಡಕಟ್ಟುಗಳ ಬಳಿ ಕುದುರೆ ಇತ್ತು ಎಂದಿತು. ಆ ಅಧ್ಯಯನದಲ್ಲಿ ಬುಡಕಟ್ಟುಗಳವರೂ ಪಾಲುಗೊಂಡಿದ್ದರು. ನಮ್ಮ ಅಜ್ಜಂದಿರು ಇದನ್ನು ಯಾವಾಗಿನಿಂದಲೂ ಹೇಳುತ್ತ ಬಂದಿದ್ದಾರಲ್ಲ ಎಂಬುದು ಅವರ ನಿಲುವು.

ಆ ಕುದುರೆಗಳ ಮೇಲೆ ಮುಂದಿನ ನೂರೈವತ್ತು ವರ್ಷ ಕಮಾಂಚಿಗಳು ದಕ್ಷಿಣದ ಬಯಲನ್ನು ಆಳಿದರು. ಪೆಕ್ಕಾ ಹಮಲೈನನ್ ಎಂಬ ಫಿನ್ಲೆಂಡಿನ ಇತಿಹಾಸಕಾರ 2008ರ ತನ್ನ ಪುಸ್ತಕದಲ್ಲಿ ಅದನ್ನು ಸಾಮ್ರಾಜ್ಯ ಎಂದೇ ಕರೆದ. ಸ್ಪ್ಯಾನಿಷರು, ಮೆಕ್ಸಿಕನ್ನರು ಕಪ್ಪ ಕೊಟ್ಟಂತೆ ಉಡುಗೊರೆ ಕೊಟ್ಟು ಶಾಂತಿ ಕೊಂಡುಕೊಳ್ಳುತ್ತಿದ್ದರು. ಕಮಾಂಚಿ ನುಡಿ ಆ ಬಯಲಿನ ವ್ಯಾಪಾರದ ನುಡಿಯಾಗಿತ್ತು. ಇವರೂ ಸಾಧುಗಳೇನಲ್ಲ. ದಾಳಿ ಮಾಡಿದರು, ಹೆಂಗಸರು ಮಕ್ಕಳನ್ನು ಹೊತ್ತೊಯ್ದರು, ಸೆರೆಯಾಳುಗಳನ್ನು ಮಾರಿದರು. ಸಿನಿಮಾ ಇದರ ಸದ್ದೆತ್ತುವುದಿಲ್ಲ.

ಒಂದು ದೃಶ್ಯದಲ್ಲಿ ನಾರು ಬಯಲು ತುಂಬ ಬಿದ್ದ, ಚರ್ಮ ಸುಲಿದ ಕಾಡೆಮ್ಮೆಗಳ ನಡುವೆ ನಿಲ್ಲುತ್ತಾಳೆ. ಬೈಸನ್ನಿಗೆ ಕಾಡೆಮ್ಮೆ ಎನ್ನುವುದು ಪೂರ್ತಿ ಸರಿಯಲ್ಲ, ಆದರೆ ಮನೆಯಲ್ಲಿ ನಾವು ಹಾಗೇ ಅನ್ನುವುದು. ಅದು ಆಕಾಶದ ಪ್ರಾಣಿಯ ಕೆಲಸವಲ್ಲ, ಫ್ರೆಂಚರದು. ಮಾಂಸ ಬಿಟ್ಟು ಚರ್ಮ ಮಾತ್ರ ಒಯ್ದಿದ್ದಾರೆ. ಇದು 1719ಕ್ಕೆ ಸೇರಿದ ಚಿತ್ರವಲ್ಲ. ಆ ಪ್ರಮಾಣದ ಕೊಲೆ ನಡೆದದ್ದು 1870ರ ದಶಕದಲ್ಲಿ, ಆ ಚರ್ಮವನ್ನು ಕಾರ್ಖಾನೆಗಳಲ್ಲಿ ಹದ ಮಾಡುವ ವಿಧಾನ ಕಂಡುಕೊಂಡ ಮೇಲೆ. ನಿರ್ದೇಶಕ ಡ್ಯಾನ್ ಟ್ರಾಕ್ಟನ್‌ಬರ್ಗ್ ನೂರೈವತ್ತು ವರ್ಷ ಮುಂದಿನದನ್ನು ಹಿಂದಕ್ಕೆ ಎಳೆದಿದ್ದಾನೆ. ಇತಿಹಾಸದ ಲೆಕ್ಕದಲ್ಲಿ ತಪ್ಪು, ಆದರೆ ಆ ತಪ್ಪಿಗೆ ನನ್ನ ತಕರಾರಿಲ್ಲ.

ಕಮಾಂಚಿಗಳ ಬೆನ್ನು ಮುರಿದದ್ದು ಆ ದಶಕವೇ. ಸಿಡುಬು, ಕಾಲರಾ ಮೊದಲೇ ಅವರನ್ನು ತೆಳುವಾಗಿಸಿದ್ದವು. 1874ರ ಸೆಪ್ಟೆಂಬರ್ 28ರಂದು ಟೆಕ್ಸಸ್ಸಿನ ಪಾಲೊ ಡ್ಯೂರೊ ಕಣಿವೆಯಲ್ಲಿ ಕರ್ನಲ್ ಮೆಕೆಂಜಿ ಅವರ ಬೀಡುಗಳ ಮೇಲೆ ಬಿದ್ದ. ಸತ್ತ ಜನ ಕಡಿಮೆ. ಆದರೆ ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಅವನು ಗುಂಡಿಟ್ಟು ಕೊಲ್ಲಿಸಿದ. ಚಳಿಗಾಲ ಎದುರಿಗಿತ್ತು. 1875ರ ಜೂನ್‌ನಲ್ಲಿ ಕ್ವಾನಾ ಪಾರ್ಕರ್ ತನ್ನವರೊಂದಿಗೆ ಓಕ್ಲಹೋಮಾದ ಫೋರ್ಟ್ ಸಿಲ್‌ಗೆ ಬಂದು ಶರಣಾದ.

ಕ್ವಾನಾನ ತಾಯಿ ಸಿಂಥಿಯಾ ಆನ್ ಪಾರ್ಕರ್ 1836ರಲ್ಲಿ, ಒಂಬತ್ತು ವರ್ಷದ ಸುಮಾರಿಗೆ, ಕಮಾಂಚಿಗಳು ಹೊತ್ತೊಯ್ದ ಬಿಳಿಯ ಹುಡುಗಿ. ಅವರಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳ ತಾಯಿಯಾದವಳನ್ನು 1860ರಲ್ಲಿ "ಬಿಡಿಸಿ" ತಂದರು. ಅವಳು ಮತ್ತೆಂದೂ ಇಲ್ಲಿಗೆ ಹೊಂದಿಕೊಳ್ಳಲಿಲ್ಲ. ಜಾನ್ ಫೋರ್ಡ್‌ನ 1956ರ "ದಿ ಸರ್ಚರ್ಸ್" ಇಂಥ ಕಥೆಗಳಿಂದಲೇ ಹುಟ್ಟಿದ್ದು. ಅದರಲ್ಲಿ ಕಮಾಂಚಿ ನಾಯಕನ ಪಾತ್ರ ಮಾಡಿದ್ದು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಉಳಿದ ಕಮಾಂಚಿಗಳಾಗಿ ಕುದುರೆ ಓಡಿಸಿದ್ದು ನವಾಹೊ ಜನ. ಅಲ್ಲಿಂದ "ಪ್ರೇ"ಗೆ ಬಂದರೆ, ನಿರ್ಮಾಪಕರಲ್ಲಿ ಒಬ್ಬರಾದ ಜೇನ್ ಮೈಯರ್ಸ್ ಸ್ವತಃ ಕಮಾಂಚಿ. ನಾರುವಾದ ಆಂಬರ್ ಮಿಡ್‌ಥಂಡರ್ ಕಮಾಂಚಿ ಅಲ್ಲದಿದ್ದರೂ ಫೋರ್ಟ್ ಪೆಕ್ ಬುಡಕಟ್ಟಿನವಳು.

ಇನ್ನೊಂದು ಸಂಗತಿ ಇದೆ, ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಸಿನಿಮಾ ಇಂಗ್ಲಿಷಿನಲ್ಲಿದೆ. ಆದರೆ ಅದೇ ನಟರು ತಮ್ಮ ಮಾತುಗಳನ್ನೆಲ್ಲ ಕಮಾಂಚಿಯಲ್ಲಿ ಮತ್ತೆ ಆಡಿದ ಪೂರ್ಣ ಡಬ್ಬಿಂಗ್ ಆವೃತ್ತಿಯೂ ಮೊದಲ ದಿನದಿಂದಲೇ ಇತ್ತು. ಹಾಗೆ ಆ ನುಡಿಗೆ ಪೂರ್ತಿ ಡಬ್ ಆದ ಮೊದಲ ಸಿನಿಮಾ ಇದು. ಡಬ್ಬಿಂಗ್ ಎಂದರೆ ಕನ್ನಡದ ಕುತ್ತಿಗೆ ಹಿಚುಕುವ ಕೈ ಎಂದು ಕೇಳಿಕೊಂಡೇ ಬೆಳೆದವಳು ನಾನು. 1960ರ ದಶಕದಿಂದ ನಮ್ಮಲ್ಲಿ ಅದು ಬಹಳ ಕಾಲ ಬಹಿಷ್ಕೃತವಾಗಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದಾಗಲೂ ನನ್ನ ಒಲವು ತಡೆದವರ ಕಡೆಗೇ ಇತ್ತು. ಕೋಟಿಗಟ್ಟಲೆ ಜನ ಆಡುವ ನುಡಿ ಡಬ್ಬಿಂಗಿಗೆ ಹೆದರಿತು. ನಿರರ್ಗಳವಾಗಿ ಆಡುವ ಕೆಲವೇ ಮುದುಕರು ಉಳಿದಿರುವ ನುಡಿ ಅದನ್ನು ಹಬ್ಬದಂತೆ ಬರಮಾಡಿಕೊಂಡಿತು. ಯಾರು ಸರಿ ಎಂದು ಈಗ ನನಗೆ ಹೇಳಲಾಗುತ್ತಿಲ್ಲ.

ಮಗಳ ಜೊತೆ ಎರಡನೆಯ ಸಲ ನೋಡಿದ್ದು ಕಮಾಂಚಿಯಲ್ಲಿ. ನಾಯಿಗೆ ಸರೀ ಎನ್ನುತ್ತಾರೆ. ನಾರುವಿನ ನಾಯಿಯ ಹೆಸರೂ ಅದೇ. ಎಷ್ಟೋ ಪದಗಳ ಕೊನೆಯ ಸ್ವರ ಉಸಿರಿನಲ್ಲೇ, ಪಿಸುಮಾತಿನಂತೆ ಮುಗಿಯುತ್ತದೆ. ವಸತಿ ಶಾಲೆಗಳಲ್ಲಿ ಈ ಮಾತಾಡಿದ ಮಕ್ಕಳಿಗೆ ಶಿಕ್ಷೆ ಇತ್ತು. ಹಾಗೆ ಶಿಕ್ಷೆ ಉಂಡ ಹುಡುಗರಲ್ಲಿ ಒಬ್ಬ ಚಾರ್ಲ್ಸ್ ಚಿಬಿಟ್ಟಿ. ಎರಡನೆಯ ಮಹಾಯುದ್ಧದಲ್ಲಿ ಅದೇ ಸರ್ಕಾರ 17 ಕಮಾಂಚಿ ಯುವಕರನ್ನು ಸಂಕೇತ ಭಾಷೆಗೆ ತರಬೇತಿ ಮಾಡಿ, 14 ಜನರನ್ನು ಯುರೋಪಿಗೆ ಕಳಿಸಿತು. ಟ್ಯಾಂಕಿಗೆ ಅವರು ಆಮೆ ಎಂದರು. ನಾರ್ಮಂಡಿಯಿಂದ ಹೊರಟ ಆ ಸಂದೇಶಗಳನ್ನು ಜರ್ಮನ್ನರು ಬಿಡಿಸಲಾಗಲಿಲ್ಲ. ಅವರಲ್ಲಿ ಕೊನೆಯವನಾಗಿ ಚಿಬಿಟ್ಟಿ 2005ರಲ್ಲಿ ತೀರಿಕೊಂಡ. ಆ ನುಡಿಗೆ ಬುಡಕಟ್ಟು ಅಧಿಕೃತ ಅಕ್ಷರಮಾಲೆ ಒಪ್ಪಿಕೊಂಡದ್ದು 1994ರಲ್ಲಿ.

ಕಳೆದ ಅಕ್ಟೋಬರಿನಲ್ಲಿ ಲಾಟನ್‌ಗೆ ಹೋಗಿದ್ದೆವು. ನಮ್ಮ ಮನೆಯಿಂದ ಮೂರು ಗಂಟೆ ದಾರಿ. ಕಮಾಂಚಿ ಮ್ಯೂಸಿಯಮ್ಮಿನಲ್ಲಿ ಅಜ್ಜಿಯೊಬ್ಬರು ಎಲ್ಲಿಂದ ಬಂದಿರಿ ಎಂದು ಕೇಳಿದರು. ಇಂಡಿಯನ್ಸ್ ಎಂದುಬಿಟ್ಟೆ, ಬಾಯಿಗೆ ಅಭ್ಯಾಸವಾದ ಮಾತು. ಅವರು ನಕ್ಕು, "ನಾವೂ ಅವರೇ ಅಂತ ನೂರಾರು ವರ್ಷ ಅನ್ನಿಸಿಕೊಂಡಿದ್ದೇವೆ," ಎಂದರು. ಮನೆಯಲ್ಲಿ ಯಾವ ಮಾತು ಎಂದು ಕೇಳಿದರು. ಕನ್ನಡ ಎಂದೆ. ಮಗಳ ಕಡೆ ತಿರುಗಿ, ನಿನಗೆ ಬರುತ್ತದೆಯೇ ಎಂದರು. ಅವಳು ನನ್ನ ಮುಖ ನೋಡಿದಳು.

ಹತ್ತಿರದ ವಿಚಿಟಾ ಬೆಟ್ಟಗಳಲ್ಲಿ ಬೈಸನ್‌ಗಳಿವೆ. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಪ್ರಾಣಿಗಳನ್ನು ರೈಲಿನಲ್ಲಿ ಇಲ್ಲಿಗೆ ಕಳಿಸಿದರು. ಕಳಿಸಿದ ವಿಲಿಯಂ ಹಾರ್ನಡೇ ತರುಣನಾಗಿದ್ದಾಗ ನಮ್ಮ ದಕ್ಷಿಣದ ಆನೆಮಲೆ ಕಾಡುಗಳಲ್ಲಿ ಆನೆ, ಹುಲಿ ಬೇಟೆಯಾಡಿದವನು. ಕ್ಯಾಷ್ ಎಂಬ ಸಣ್ಣ ನಿಲ್ದಾಣಕ್ಕೆ ಆ ರೈಲು ಬಂದಾಗ ಅವನ್ನು ನೋಡಲು ಮುದುಕನಾದ ಕ್ವಾನಾ ತನ್ನ ಜನರೊಂದಿಗೆ ಬಂದಿದ್ದ. ಬೈಸನ್ನನ್ನು ಕಣ್ಣಾರೆ ಕಂಡಿರದ ಮಕ್ಕಳೂ ಆ ಗುಂಪಿನಲ್ಲಿದ್ದರು.

ಅವುಗಳ ಸಂತತಿಯಲ್ಲಿ ಒಂದು ರಸ್ತೆಗೆ ಅಡ್ಡ ನಿಂತು ನಮ್ಮ ಕಾರನ್ನು ಕಾಲು ಗಂಟೆ ಕಾಯಿಸಿತು. ಹಿಂದಿನ ಸೀಟಿನಲ್ಲಿ ಮಗಳು ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಭಾನುವಾರದ ಕನ್ನಡ ತರಗತಿಗೆ ಒಂದು ಪದ, ಅದರ ಅರ್ಥ ಬರೆದು ಒಯ್ಯಬೇಕಿತ್ತು.

"ಅಮ್ಮಾ, ನಾರಿಗೆ ಎಷ್ಟು ಅರ್ಥ?"

ಎರಡು ಹೇಳಿದೆ. ಮೂರನೆಯದನ್ನು ಅವಳೇ ಸೇರಿಸಿಕೊಂಡಳು.