ಶಾಲೆಯ ಹೊರಗೆ ಓದಿದವರು ಮತ್ತು ಲೈಬ್ರರಿ ಮೇಷ್ಟ್ರು

ಬೇಲೂರು, ಹಳೇಬೀಡಿಗೆ ಬರುವವರು ದೇವಾಲಯಗಳನ್ನು ನೋಡಿ, ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಹೊರಟುಬಿಡುತ್ತಾರೆ. ಅರಸೀಕೆರೆಯಲ್ಲಂತೂ ಬಹಳ ಮಂದಿ ರೈಲು ಬದಲಿಸಲು ಮಾತ್ರ ಇಳಿಯುತ್ತಾರೆ. ಈ ಮೂರು ಊರುಗಳ ಇತಿಹಾಸವೆಂದರೆ ಹೊಯ್ಸಳರ ಇತಿಹಾಸ ಎಂದು ನಾವೂ ಒಪ್ಪಿಕೊಂಡಿದ್ದೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ನಾನು ಹೇಳಹೊರಟಿರುವುದು ಯಾವ ಫಲಕದ ಮೇಲೂ ಬರೆದಿಲ್ಲದ ಒಂದು ಸಣ್ಣ ಇತಿಹಾಸ. ಶಾಲೆಗೆ ಹೋಗದೆ, ಅಥವಾ ಹೋಗಲು ಬಿಡದ್ದರಿಂದ, ಮನೆಯಲ್ಲೇ ಕುಳಿತು ಓದಿದವರದು ಮತ್ತು ಅವರ ಕೈಗೆ ಪುಸ್ತಕ ಮುಟ್ಟಿಸಿದವರದು.

ಈಗ ಬೆಂಗಳೂರಿನಂಥ ನಗರಗಳಲ್ಲಿ 'ಹೋಮ್ ಸ್ಕೂಲಿಂಗ್' ಎಂಬ ಮಾತು ಕೇಳಿಬರುತ್ತದೆ. ಓದುಬರಹ ಬಲ್ಲ ತಂದೆತಾಯಿ ಯೋಚಿಸಿ ನಿರ್ಧರಿಸಿ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸುತ್ತಾರೆ. ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಕರೆದೊಯ್ಯುತ್ತಾರೆ. ಮುಂದೆ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಬರೆಸುತ್ತಾರೆ. ಅವರದು ಆಯ್ಕೆ. ನಮ್ಮ ಕಡೆ ಮನೆಯಲ್ಲಿ ಓದಿದವರಲ್ಲಿ ಬಹುಪಾಲು ಜನರಿಗೆ ಆಯ್ಕೆಯೇ ಇರಲಿಲ್ಲ. ಆದರೂ ಇಬ್ಬರಿಗೂ ಬೇಕಾದ ವ್ಯಕ್ತಿ ಒಬ್ಬರೇ. 'ನಿನಗೆ ಇದು ಬೇಡ, ಅದನ್ನು ಓದು' ಎಂದು ಕಪಾಟಿನಿಂದ ತೆಗೆದುಕೊಡುವ ಗ್ರಂಥಪಾಲಕ.

ಹಾಗೆ ನೋಡಿದರೆ ಶಾಲೆ ಎಂಬ ಇಲಾಖೆಯೇ ನಮ್ಮಲ್ಲಿ ಇತ್ತೀಚಿನದು. ಹಿಂದೆ ಹಳ್ಳಿಗಳಲ್ಲಿ ಇದ್ದುದು ಕೂಲಿಮಠ. ಯಾರದೋ ಮನೆಯ ಜಗಲಿಯಲ್ಲಿ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು, ಕೊನೆಗೆ ಜೈಮಿನಿ ಭಾರತ ಓದಿಸುತ್ತಿದ್ದರು. ಆ ಕಾವ್ಯ ಬರೆದ ಲಕ್ಷ್ಮೀಶನ ಊರೆಂದು ಹೇಳುವ ದೇವನೂರು ಅರಸೀಕೆರೆಗೆ ದೂರವೇನಲ್ಲ. ಮುಸ್ಲಿಮರ ಮನೆಗಳಲ್ಲಿ ಉಸ್ತಾದರು ಅಥವಾ ಓದುಬಲ್ಲ ಹಿರಿಯ ಹೆಂಗಸೊಬ್ಬರು ಕುರ್‌ಆನ್ ಓದಿಸಿ, ಜೊತೆಗೆ ಉರ್ದು ಅಕ್ಷರ ಹೇಳಿಕೊಡುತ್ತಿದ್ದರು. ಕನ್ನಡ ಅಕ್ಷರ ಬೀದಿಯಿಂದ, ಅಂಗಡಿಯ ಬೋರ್ಡಿನಿಂದ ಬರಬೇಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳರ ಕಾಲ. ಅವರ ಮಂತ್ರಿ ಪೆರುಮಾಳೆ 1290ರಲ್ಲಿ ಮಾಲಂಗಿಯಲ್ಲಿ ಮಾಡಿದ ದತ್ತಿಯಲ್ಲಿ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕು ಬಗೆಯ ಓದನ್ನು ಕಲಿಸುವ ಏರ್ಪಾಡಿತ್ತು. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ಅದಕ್ಕೂ ಹಿಂದೆ, ಉತ್ತರದ ನಾಗಾವಿಯ 1058ರ ಶಾಸನ ಘಟಿಕಾಸ್ಥಾನವೊಂದರ ಆರು ಮಂದಿ 'ಸರಸ್ವತಿ ಭಂಡಾರಿ'ಗರ ವಿಷಯ ಹೇಳುತ್ತದೆ. ಅವರು ಪುಸ್ತಕ ಭಂಡಾರ ನೋಡಿಕೊಳ್ಳುವವರು, ಅಂದರೆ ಗ್ರಂಥಪಾಲಕರು. ಉಪಾಧ್ಯಾಯರಿಗೆ ಭೂಮಿ ಬಿಟ್ಟಂತೆ ಅವರಿಗೂ ಭೂಮಿ ಬಿಡಲಾಗಿತ್ತು. ಈ ಓದು ಎಲ್ಲರಿಗೂ ಸಿಗುತ್ತಿತ್ತೆಂದು ಯಾರೂ ತಿಳಿಯಬಾರದು; ಅದು ಕೆಲವೇ ಜಾತಿಗಳ ಗಂಡುಮಕ್ಕಳ ಸೊತ್ತು. ಆದರೆ ಪುಸ್ತಕ ಕಾಯುವವನಿಗೂ ಹೊಟ್ಟೆಯಿದೆ ಎಂಬುದು ಒಂಬೈನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಗ್ರಂಥಾಲಯ ಎಲ್ಲರದು ಎಂಬ ಭಾವನೆ ಮೈಸೂರು ಸಂಸ್ಥಾನದಲ್ಲಿ ಬೇರೂರಿದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. 1915ರಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದವು. 1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಶಾಲೆಯ ಮುಖ ಕಾಣದ ದೊಡ್ಡವರಿಗಾಗಿ ಸಾಕ್ಷರತಾ ತರಗತಿ ನಡೆಸಿತು, ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯಿಸಿತು, 'ಬೆಳಕು' ಎಂಬ ವಾರಪತ್ರಿಕೆಯನ್ನೂ 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆಯನ್ನೂ ಹೊರತಂದಿತು.

ಕಾಯ್ದೆ ಬಂದದ್ದು 1965ರಲ್ಲಿ. ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರ ಚಿಂತನೆ ಇತ್ತು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಇವರು ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿ, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿದರು. 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ, ಒಬ್ಬೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎಂಬುದು ಅವರ ಸೂತ್ರಗಳ ಸಾರ. ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಜಿಲ್ಲಾ ಕೇಂದ್ರಗಳಲ್ಲಿ ಗ್ರಂಥಾಲಯ, ತಾಲ್ಲೂಕುಗಳಲ್ಲಿ ಅದರ ಶಾಖೆ ಎಂಬ ವ್ಯವಸ್ಥೆ ಬೆಳೆಯಿತು. ಖರ್ಚಿಗೆ ಮನೆ ಕಂದಾಯದ ಮೇಲೆ ಗ್ರಂಥಾಲಯ ಕರ. ಆ ಕರವನ್ನು ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಸರಿಯಾಗಿ ಮುಟ್ಟಿಸುವುದಿಲ್ಲ ಎಂಬ ದೂರು ಹಳೆಯದು, ಇನ್ನೂ ತೀರಿಲ್ಲ.

ಕಾಯ್ದೆಯ ಪುಸ್ತಕದಲ್ಲಿ ಇಷ್ಟು ಸಿಗುತ್ತದೆ. ಮಿಕ್ಕದ್ದನ್ನು ನಾನು ಅರಸೀಕೆರೆಯ ನಮ್ಮ ಮನೆಯಿಂದ ಹೇಳಬೇಕು.

ಅಬ್ಬಾ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನನ್ನ ಆಪಾ ಏಳನೆಯ ತರಗತಿ ಮುಗಿಸಿದ ವರ್ಷ, 1978ರಲ್ಲಿ, ಮನೆಯ ಹಿರಿಯರು ಕುಳಿತು 'ಇನ್ನು ಸಾಕು' ಎಂದರು. ಅಬ್ಬಾ ಎದುರು ಮಾತನಾಡಲಿಲ್ಲ. ಆಪಾ ಅಳಲಿಲ್ಲ, ಆದರೆ ಮನೆಗೆ ಸಾಮಾನು ಕಟ್ಟಿ ತಂದ ಪೇಪರಿನ ತುಂಡುಗಳನ್ನೆಲ್ಲ ಬಿಡಿಸಿ ನೇರ ಮಾಡಿ ಓದತೊಡಗಿದಳು. ಅದನ್ನು ನೋಡಿದ ಅಬ್ಬಾ ಒಂದು ದಿನ ನನ್ನ ಕೈಹಿಡಿದು ಲೈಬ್ರರಿಗೆ ಕರೆದುಕೊಂಡು ಹೋದರು. ನನಗೆ ಆಗ ಹತ್ತು ವರ್ಷ.

ಸದಸ್ಯರಾಗಲು ಠೇವಣಿ ಕಟ್ಟಬೇಕಿತ್ತು, ಅದು ಹೇಗೋ ಆಯಿತು. ಕಷ್ಟವಾದದ್ದು ಜಾಮೀನು. ಮನೆ ಕಂದಾಯ ಕಟ್ಟುವ ಒಬ್ಬರು ಅರ್ಜಿಗೆ ಸಹಿ ಹಾಕಬೇಕು. ನಮ್ಮದು ಬಾಡಿಗೆ ಮನೆ. ಈಗ ಯೋಚಿಸಿದರೆ ನಗು ಬರುತ್ತದೆ. ಗ್ರಂಥಾಲಯ ಕರ ಮಾಲೀಕನ ಕಂದಾಯದೊಳಗಿದ್ದರೆ, ಆ ಕಂದಾಯ ನಮ್ಮ ಬಾಡಿಗೆಯೊಳಗಿತ್ತು. ಕೊಡುವವರು ನಾವೇ, ಆದರೆ ನಂಬಿಕೆಗೆ ಅರ್ಹರು ಮಾಲೀಕರು! ಅಬ್ಬಾ ಅರ್ಜಿ ಹಿಡಿದು ಸುಮ್ಮನೆ ನಿಂತಿದ್ದನ್ನು ಕಂಡ ಲೈಬ್ರರಿ ಮೇಷ್ಟ್ರು ಎದ್ದು ಬಂದು, "ಮಂಡಿ ಸಾಹುಕಾರರು ಹಾಕ್ತಾರೆ, ಬನ್ನಿ ಸಾಬ್ರೆ" ಎಂದು ತಾವೇ ಕರೆದುಕೊಂಡು ಹೋಗಿ ಸಹಿ ಹಾಕಿಸಿದರು. ಅವರು ಮೇಷ್ಟ್ರೇನೂ ಅಲ್ಲ. ನಮ್ಮ ಕಡೆ ಪುಸ್ತಕ ಕೊಡುವವರನ್ನೂ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು.

ಒಂದು ತಿಂಗಳಾದ ಮೇಲೆ ಅವರು ನನ್ನನ್ನು ಹಿಡಿದುಕೊಂಡರು.

"ಏನಪ್ಪಾ, ಇಷ್ಟು ದಪ್ಪ ಪುಸ್ತಕ ನೀನೇ ಓದ್ತೀಯಾ?"

"ಇಲ್ಲ ಸಾರ್, ನಮ್ಮ ಆಪಾ."

"ಎಷ್ಟನೇ ಕ್ಲಾಸು ನಿಮ್ಮಕ್ಕ?"

"ಮನೇಲಿದಾಳೆ ಸಾರ್."

ಅವರು ಮತ್ತೇನೂ ಕೇಳಲಿಲ್ಲ. ಮುಂದಿನ ವಾರ ನಾನು ಹೋದಾಗ ಮೇಜಿನ ಕೆಳಗಿನಿಂದ ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಮೊದಲ ಸಂಪುಟ ತೆಗೆದುಕೊಟ್ಟರು. ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ತಂದ ವಿಶ್ವಕೋಶ ಅದು. ಆಗಿನ ಶಾಲೆಗಳ ಬಗ್ಗೆ ಅವರಿಗೆ ಅಂಥ ಗೌರವವಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಬೇರೆ ಬಗೆಯ ಕಲಿಕೆಯ ಪ್ರಯೋಗ ಮಾಡಿದವರು. ಶಾಲೆ ತಪ್ಪಿದ ಹುಡುಗಿಗೆ ಅವರ ಪುಸ್ತಕವೇ ಸಿಕ್ಕಿದ್ದು ಆಕಸ್ಮಿಕವಲ್ಲ, ಮೇಷ್ಟ್ರ ಲೆಕ್ಕಾಚಾರ ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಪುಸ್ತಕ ಹಿಂತಿರುಗಿಸುವಾಗ ಆಪಾ ಒಳಗೆ ಒಂದು ಚೀಟಿ ಇಟ್ಟಿದ್ದಳು: 'ಎರಡನೇ ಭಾಗ ಇದೆಯೇ?' ಅವರು ಅದೇ ಚೀಟಿಯ ಹಿಂದೆ ಬರೆದರು: 'ಇದೆ. ಯಾರೋ ಒಯ್ದಿದ್ದಾರೆ. ಬಂದ ಕೂಡಲೇ ನಿಮಗೆ.'

ಹೀಗೆ ಚೀಟಿಗಳು ಓಡಾಡಿದವು. ಸುಮಾರು ನಾಲ್ಕು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಈದ್‌ಗೆ ಅಮ್ಮಿ ಡಬ್ಬಿಯಲ್ಲಿ ಶೀರ್ ಖುರ್ಮಾ ಕಳಿಸುತ್ತಿದ್ದರು, ಸಂಕ್ರಾಂತಿಗೆ ಅದೇ ಡಬ್ಬಿ ಎಳ್ಳು ಬೆಲ್ಲ ತುಂಬಿಕೊಂಡು ಬರುತ್ತಿತ್ತು. ಎಸ್ಸೆಸ್ಸೆಲ್ಸಿಯನ್ನು ಶಾಲೆಗೆ ಹೋಗದೆಯೂ ಖಾಸಗಿಯಾಗಿ ಬರೆಯಬಹುದು ಎಂದು ನಮಗೆ ಹೇಳಿದವರೂ ಅವರೇ. ಪತ್ರಿಕೆಗಳಲ್ಲಿ ಬಂದ ಮಾದರಿ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ ಇಟ್ಟಿರುತ್ತಿದ್ದರು. ಲೈಬ್ರರಿಯ ಪೇಪರು ಕತ್ತರಿಸುವುದು ತಪ್ಪು. ಅದು ತಮ್ಮ ಮನೆಗೆ ತರಿಸುವ ಪೇಪರು ಎಂದು ಅವರು ಹೇಳುತ್ತಿದ್ದರು, ನಾವು ನಂಬಿದ್ದೆವು. ಆಪಾ ಮೊದಲ ಸಲ ಗಣಿತದಲ್ಲಿ ಫೇಲಾದಳು. ಎರಡನೆಯ ಸಲ, 1984ರಲ್ಲಿ, ಪಾಸಾದಳು. ಫಲಿತಾಂಶ ಬಂದ ದಿನ ಬುರ್ಖಾ ತೊಟ್ಟು ಅಬ್ಬಾನ ಜೊತೆ ಲೈಬ್ರರಿಗೆ ಹೋಗಿ ತಾನೇ ಹೇಳಿ ಬಂದಳು.

ಇದು ನಮ್ಮ ಮನೆಯ ಕಥೆ ಮಾತ್ರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ಓದುತ್ತ ಹೋದಂತೆ ಇದೊಂದು ದೊಡ್ಡ ಕಥೆಯ ತುಣುಕು ಎಂದು ಗೊತ್ತಾಯಿತು. ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾಗಿ, ಮನೆಯಲ್ಲೇ ಓದಿ ಬರೆದು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಪ್ರಕಾಶಕಿಯೂ ಸಂಪಾದಕಿಯೂ ಆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರಿಗೆ ಮದುವೆಯ ನಂತರ ಓದು ಮುಂದುವರಿಸುವ ಆಸೆಯಿತ್ತು. ಸಮುದಾಯದ ಕಟ್ಟುಪಾಡು ಬಿಡಲಿಲ್ಲ. 1963ರಲ್ಲಷ್ಟೇ ಗ್ರಂಥಾಲಯವೊಂದರ ಸದಸ್ಯೆಯಾಗಲು ಸಾಧ್ಯವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅದಾದ ಸುಮಾರು ಎರಡು ದಶಕಗಳಿಗೆ 'ಚಂದ್ರಗಿರಿಯ ತೀರದಲ್ಲಿ' ಬಂತು. ನಮ್ಮ ಸಮುದಾಯದ ಹೆಣ್ಣುಮಕ್ಕಳ ಶಿಕ್ಷಣದ ಇತಿಹಾಸ ಬರೆಯುವವರು ಶಾಲೆಗಳ ಹಾಜರಿ ಪುಸ್ತಕಗಳನ್ನು ಮಾತ್ರ ನೋಡಿದರೆ ಸಾಲದು. ಗ್ರಂಥಾಲಯಗಳ ಎರವಲು ಪುಸ್ತಕಗಳನ್ನೂ ನೋಡಬೇಕು. ಅಲ್ಲಿಯೂ ಒಂದು ತೊಡಕಿದೆ. ಆ ಕಾರ್ಡುಗಳಲ್ಲಿ ಇರುವುದು ತಂದೆಯ, ಗಂಡನ, ತಮ್ಮನ ಹೆಸರು. ಆಪಾ ಓದಿದ ನೂರಾರು ಪುಸ್ತಕಗಳೆಲ್ಲ ಅಬ್ಬಾನ ಹೆಸರಿನಲ್ಲಿವೆ. ಅಬ್ಬಾ ಅವುಗಳಲ್ಲಿ ಒಂದನ್ನೂ ಓದಲಿಲ್ಲ.

ಆಪಾಳ ಮದುವೆ ಬೇಲೂರಿಗೆ ಆಯಿತು. ಹೊರಡುವ ಮುಂಚೆ ಮೇಷ್ಟ್ರು ಬೇಲೂರಿನ ಗ್ರಂಥಪಾಲಕರಿಗೆ ಒಂದು ಕಾಗದ ಕೊಟ್ಟರು. ಅದರಲ್ಲಿ ಎರಡೇ ಸಾಲು: ಈಕೆ ಪುಸ್ತಕ ಹರಿಯುವುದಿಲ್ಲ, ತಡ ಮಾಡುವುದಿಲ್ಲ. ಬೇಲೂರಿನಲ್ಲಿ ಜಾಮೀನು ಕೇಳಿದಾಗ ಭಾವ ಆ ಕಾಗದ ತೋರಿಸಿದರಂತೆ. ಅದು ನಿಯಮಕ್ಕೆ ಹೊಂದುವಂಥದ್ದಲ್ಲ, ಆದರೆ ಸಾಕಾಯಿತು. ಈ ಸಲ ಕಾರ್ಡು ಆಪಾಳ ಹೆಸರಿಗೇ ಬಂತು.

ಇಂಥ ಗ್ರಂಥಪಾಲಕರಲ್ಲಿ ತಾವೇ ಶಾಲೆ ಕಾಣದವರೂ ಇದ್ದಾರೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು 2011ರಲ್ಲಿ ಉಚಿತ ಗ್ರಂಥಾಲಯ ತೆರೆದರು. ತಮಗೆ ಓದಲು ಆಗಲಿಲ್ಲ, ಬೇರೆಯವರಾದರೂ ಕನ್ನಡ ಓದಲಿ ಎಂಬುದು ಅವರ ಆಸೆ. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ಜನ ನೆರವಿಗೆ ಬಂದರು.

ಅದಕ್ಕೆ ಒಂದು ವರ್ಷ ಮುಂಚೆ, 2020ರ ಮಾರ್ಚ್‌ನಲ್ಲಿ, ಕೊರೋನಾದಿಂದ ಎಲ್ಲ ಶಾಲೆಗಳೂ ಮುಚ್ಚಿದ್ದವು. ನಾಡಿನ ಪ್ರತಿಯೊಂದು ಮಗುವೂ ಮನೆಯಲ್ಲೇ ಕಲಿಯಬೇಕಾಯಿತು. ಮೊಬೈಲ್ ಇದ್ದವರಿಗೆ ಪಾಠ, ಇಲ್ಲದವರಿಗೆ ರಜೆ. ಆ ಹೊತ್ತಿಗೆ ಗ್ರಾಮ ಪಂಚಾಯತಿಗಳ 5,600ಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿದ್ದವು. 2020ರ ನವೆಂಬರ್ 14ರಂದು 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಠೇವಣಿ ಇಲ್ಲ. ಅಬ್ಬಾ ಅರ್ಜಿ ಹಿಡಿದು ನಿಂತ ಚಿತ್ರ ನನ್ನ ಕಣ್ಣಮುಂದೆ ಬಂತು.

ಆಗ ಆಪಾ ಹಳೇಬೀಡಿನ ಹತ್ತಿರದ ಹಳ್ಳಿಯಲ್ಲಿರುವ ಮಗಳ ಮನೆಯಲ್ಲಿದ್ದಳು. ಮೊಮ್ಮಕ್ಕಳು ಇಬ್ಬರು, ಅಳಿಯನ ಬಳಿ ಇದ್ದದ್ದು ಒಂದೇ ಫೋನು. ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚೀಲದಲ್ಲಿ ಪುಸ್ತಕ ತುಂಬಿಕೊಂಡು ಬೀದಿಗೊಂದು ಮನೆಯ ಜಗಲಿಯಲ್ಲಿ ಕೂರುತ್ತಿದ್ದಳು. ಆಪಾಳ ಜಗಲಿಯೂ ಅದರಲ್ಲಿ ಒಂದು. ಅಕ್ಕಪಕ್ಕದ ಏಳೆಂಟು ಮಕ್ಕಳನ್ನು ಸೇರಿಸಿಕೊಂಡು ಆಪಾ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. 'ಅಜ್ಜಿ, ನೀವು ಟೀಚರ್ ಆಗಿದ್ರಾ?' ಎಂದು ಆ ಹುಡುಗಿ ಕೇಳಿದಳಂತೆ.

ಇಂಥ ಮೇಲ್ವಿಚಾರಕರು ಎಷ್ಟೋ ವರ್ಷ ದಿನದ ಕೆಲವೇ ಗಂಟೆಗಳ ಕೆಲಸಗಾರರೆಂಬ ಲೆಕ್ಕದಲ್ಲಿ ಅಲ್ಪ ಗೌರವಧನಕ್ಕೆ ದುಡಿದವರು. ಕನಿಷ್ಠ ವೇತನಕ್ಕಾಗಿ ಬೀದಿಗಿಳಿದು ಹೋರಾಡಿದವರು. ನಾಗಾವಿಯ ಸರಸ್ವತಿ ಭಂಡಾರಿಗರ ಭೂಮಿ ಮತ್ತೆ ನೆನಪಾಗುತ್ತದೆ.

ಶಾಲೆಗಳು ತೆರೆದ ಮೇಲೆ ಮೊಮ್ಮಕ್ಕಳು ಶಾಲೆಗೆ ಹೋದರು. ಆಪಾ ಬೇಲೂರಿಗೆ ಹಿಂತಿರುಗಿದಳು. ಹೊರಡುವ ದಿನ ಒಂದು ಪುಸ್ತಕ ವಾಪಸು ಕೊಡುವುದು ಬಾಕಿಯಿತ್ತು. ಮೇಲ್ವಿಚಾರಕಿ, "ಇರಲಿ ಅಜ್ಜಿ, ಓದಿ ಮುಗಿಸಿ ಮಗಳ ಕೈಲಿ ಕಳಿಸಿ" ಎಂದಳಂತೆ. ಆಪಾ ಒಪ್ಪಲಿಲ್ಲ. ತಾನು ತಡ ಮಾಡುವುದಿಲ್ಲ ಎಂದು ಅರಸೀಕೆರೆಯವರೊಬ್ಬರು ಬರೆದುಕೊಟ್ಟಿದ್ದಾರೆ ಎಂದು ಹೇಳಿ, ಪುಸ್ತಕ ಮರಳಿಸಿ, ಬಸ್ಸು ಹತ್ತಿದಳು.