ಹದಿನೈದನೆಯ ಶಿಖರದ ಮೂರು ಹೆಸರು

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಎಳೆಸಿ ಒಂದು ಆಧಾರರೇಖೆಯನ್ನು ಅಳೆದ. ತ್ರಿಕೋನದ ಒಂದು ಭುಜ, ಎರಡು ಕೋನ ಗೊತ್ತಿದ್ದರೆ ಉಳಿದ ಅಳತೆಗಳು ತಾವಾಗಿ ಸಿಗುತ್ತವೆ ಎಂಬ ಶಾಲೆಯ ಗಣಿತವೇ ಆ ಕೆಲಸದ ಬುನಾದಿ. 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆ, ತ್ರಿಕೋನದ ಪಕ್ಕ ತ್ರಿಕೋನ ಹೆಣೆಯುತ್ತ ಉತ್ತರಕ್ಕೆ ಸಾಗಿತು. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದ.

ಆಗ ನೇಪಾಳ ಸರ್ವೆಯವರನ್ನು ಒಳಗೆ ಬಿಡುತ್ತಿರಲಿಲ್ಲ. 1849ರಲ್ಲಿ ಜೇಮ್ಸ್ ನಿಕೋಲ್ಸನ್ ಬಿಹಾರದ ಬಯಲಿನಲ್ಲಿ ಥಿಯೊಡೊಲೈಟ್ ಹೂಡಿ, 160 ಕಿ.ಮೀ.ಗೂ ಹೆಚ್ಚು ದೂರದಿಂದ ಶಿಖರಗಳ ಕೋನ ಅಳೆದ. ಅಷ್ಟು ದೂರದಲ್ಲಿ ಗಾಳಿಯ ಪದರಗಳು ಬೆಳಕನ್ನು ಬಾಗಿಸುತ್ತವೆ. ಭೂಮಿಯ ದುಂಡಗಿನ ಮೈಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ತಿದ್ದುಪಡಿಗಳ ಕ್ಲಿಷ್ಟ ಗಣಿತದಲ್ಲಿ ಬಂಗಾಳದ ರಾಧಾನಾಥ ಸಿಕ್ದಾರರ ಪಾತ್ರ ದೊಡ್ಡದು. ಆ ಶಿಖರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದಕ್ಕೆ 1856ರಲ್ಲಿ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಪ್ರಕಟಿಸಿದ ಎತ್ತರ 29,002 ಅಡಿ. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ಹತ್ತು ಮೀಟರಿಗಿಂತ ಕಡಿಮೆ!

ಅಲ್ಲಿಯವರೆಗೆ ಸರ್ವೆಯ ಪಟ್ಟಿಯಲ್ಲಿ ಅದು ಬರೀ ಹದಿನೈದನೆಯ ಶಿಖರ. ಊರವರು ಕರೆಯುವ ಹೆಸರನ್ನೇ ಉಳಿಸಿಕೊಳ್ಳುವುದು ಸರ್ವೆಯ ರೂಢಿ. ಇದಕ್ಕೆ ಅಂಥ ಹೆಸರು ಸಿಗಲಿಲ್ಲವೆಂದು ವಾ ತನ್ನ ಹಿಂದಿನ ಅಧಿಕಾರಿಯ ಹೆಸರನ್ನಿಟ್ಟ. ಸ್ವತಃ ಎವರೆಸ್ಟನಿಗೇ ಅದು ಸರಿಬರಲಿಲ್ಲ. ಈ ನೆಲದ ಜನರ ನಾಲಿಗೆಗೆ ತನ್ನ ಹೆಸರು ಹೊರಳದು, ಹಿಂದಿಯಲ್ಲಿ ಬರೆಯಲೂ ಆಗದು ಎಂದ. ಬ್ರಯಾನ್ ಹಾಡ್ಜ್‌ಸನ್ ‘ದೇವಧುಂಗ’ ಎಂಬ ಹೆಸರನ್ನು ಮುಂದಿಟ್ಟ. ಗೌರಿಶಂಕರವೇ ಈ ಶಿಖರವೆಂದು ಕೆಲವರು ವಾದಿಸಿದರು. ಅವೆರಡೂ ಬೇರೆ ಬೇರೆ ಎಂಬುದು 1903ರಲ್ಲಿ ಇತ್ಯರ್ಥವಾಯಿತು. ಅಷ್ಟರಲ್ಲಿ, 1865ರಲ್ಲೇ, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಎವರೆಸ್ಟ್ ಹೆಸರಿಗೆ ಒಪ್ಪಿಗೆ ಕೊಟ್ಟಾಗಿತ್ತು.

ಆದರೆ ಶಿಖರಕ್ಕೆ ಹೆಸರಿತ್ತು. ಟಿಬೆಟ್ಟಿನವರ ‘ಚೊಮೊಲುಂಗ್ಮಾ’ ವಾನ ಘೋಷಣೆಗೆ ನೂರಕ್ಕೂ ಹೆಚ್ಚು ವರ್ಷ ಮೊದಲೇ, 1733ರಲ್ಲಿ, ಫ್ರಾನ್ಸಿನ ಡಾನ್‌ವಿಲ್ ರಚಿಸಿದ ನಕ್ಷೆಯಲ್ಲಿ ಸೇರಿತ್ತು. ನೇಪಾಳದ ‘ಸಗರಮಾಥಾ’ ಎಂಬ ಹೆಸರನ್ನು 1930ರ ದಶಕದ ಕೊನೆಯಲ್ಲಿ ಬಳಕೆಗೆ ತಂದವರು ಇತಿಹಾಸಕಾರ ಬಾಬುರಾಮ್ ಆಚಾರ್ಯ. ಕನ್ನಡದಲ್ಲಿ ನಾವಿದನ್ನು ‘ಸಾಗರಮಾತಾ’ ಎಂದು ಬರೆದುಬಿಡುವುದುಂಟು. ಇಲ್ಲಿ ಸಾಗರವೂ ಇಲ್ಲ, ಮಾತೆಯೂ ಇಲ್ಲ. ಸಗರ ಎಂದರೆ ಆಕಾಶ, ಮಾಥಾ ಎಂದರೆ ತಲೆ.

ಎತ್ತರದ ಲೆಕ್ಕ ಮುಂದುವರಿಯಿತು. 1950ರ ದಶಕದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆ ಹೆಚ್ಚು ಹತ್ತಿರದಿಂದ ಅಳೆದು 8,848 ಮೀಟರ್ ಎಂದಿತು. 2019ರಲ್ಲಿ ನೇಪಾಳದವರು, 2020ರಲ್ಲಿ ಚೀನಾದವರು ಉಪಗ್ರಹ ಸಂಕೇತ ಹಿಡಿಯುವ ಉಪಕರಣವನ್ನು ತುದಿಗೇ ಹೊತ್ತೊಯ್ದರು. 2020ರ ಡಿಸೆಂಬರ್ 8ರಂದು ಎರಡೂ ದೇಶಗಳು ಜಂಟಿಯಾಗಿ ಸಾರಿದ ಎತ್ತರ 8,848.86 ಮೀಟರ್.

ಬಿಹಾರದ ಬಯಲಲ್ಲಿ ನಿಂತು ಎತ್ತರವನ್ನು ಅಷ್ಟು ಕರಾರುವಾಕ್ಕಾಗಿ ಅಳೆಯಬಹುದಾಗಿತ್ತು. ಹೆಸರನ್ನು ಮಾತ್ರ ಬೆಟ್ಟದ ಬುಡದವರನ್ನು ಕೇಳಿಯೇ ತಿಳಿಯಬೇಕಿತ್ತು. ನಮ್ಮ ಭೂಗೋಳದ ಪಾಠಗಳಲ್ಲಿ ಎವರೆಸ್ಟಿನ ಜೊತೆಗೆ ಉಳಿದೆರಡು ಹೆಸರುಗಳನ್ನೂ ಸರಿಯಾದ ಕಾಗುಣಿತದಲ್ಲಿ ಮಕ್ಕಳಿಗೆ ಕಲಿಸೋಣ.